ಅಜ್ಜನ ಕಾರ್ಡು, ನನ್ನ ಇಮೇಲು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯವರು ಹೇಳಿದ್ದರು. ನಾನು ಕಾಗದ ಬರೆಯುವುದರ ಬಗ್ಗೆ ಮಾತಾಡುತ್ತೇನೆ. ಸಾಫ್ಟ್‌ವೇರ್ ಎಂಜಿನಿಯರ್ ದಿನವಿಡೀ ಪ್ರೋಗ್ರಾಂ ಬರೆಯುತ್ತಾನೆ ಅಂದುಕೊಳ್ಳಬೇಡಿ. ಅರ್ಧ ದಿನ ಹೋಗುವುದು ಇಮೇಲ್ ಓದುವುದರಲ್ಲಿ, ಬರೆಯುವುದರಲ್ಲಿ.

ಕಾಗದ ಬರೆಯುವುದನ್ನು ನನಗೆ ಕಲಿಸಿದ್ದು ಇದೇ ಶಾಲೆ. ಎಂಟನೇ ತರಗತಿಯ ಕನ್ನಡ ಪೀರಿಯಡ್ಡು. ಇವರಿಂದ, ಇವರಿಗೆ, ಮಾನ್ಯರೇ, ವಿಷಯ. ತಂದೆಗೆ ಬರೆದರೆ ತೀರ್ಥರೂಪು, ತಾಯಿಗೆ ಮಾತೃಶ್ರೀ, ತಮ್ಮನಿಗೆ ಚಿರಂಜೀವಿ. ನಮಗೆ ಅದು ಐದು ಅಂಕದ ಪ್ರಶ್ನೆ, ಅಷ್ಟೇ. ಹೊಲದಿಂದ ಬಂದು ಜಗಲಿಯ ಮೇಲೆ ಬೀಡಿ ಹಚ್ಚುವ ಅಪ್ಪನನ್ನು ತೀರ್ಥರೂಪು ಅನ್ನುವುದಕ್ಕೆ ನಗು ಬರುತ್ತಿತ್ತು. 2004ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಹೋದವನು, ಬಿ.ಇ. ಮಾಡಿ ಕೆಲಸಕ್ಕೆ ಸೇರುವ ಹೊತ್ತಿಗೆ ಅದನ್ನೆಲ್ಲ ಮರೆತಿದ್ದೆ.

ಕೆಲಸಕ್ಕೆ ಸೇರಿದ ಆರನೇ ವರ್ಷ ಒಂದು ಸಣ್ಣ ತಂಡಕ್ಕೆ ನನ್ನನ್ನು ಲೀಡ್ ಮಾಡಿದರು. ಆ ತಂಡದಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಒಬ್ಬ ಮೇಡಂ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಒಂದು ಗುರುವಾರ ರಾತ್ರಿ ಹನ್ನೊಂದು ಗಂಟೆಗೆ ಅವರಿಗೆ ಮೇಲ್ ಹಾಕಿದೆ. "ವೈ ಈಸ್ ದಿಸ್ ನಾಟ್ ಡನ್? ಐ ಟೋಲ್ಡ್ ಯು ಆನ್ ಮಂಡೇ." ಇದು ಯಾಕೆ ಆಗಿಲ್ಲ, ಸೋಮವಾರವೇ ಹೇಳಿದ್ದೆ. ಅಷ್ಟೇ ಎರಡು ಸಾಲು. ಜೊತೆಗೆ ಮ್ಯಾನೇಜರನ್ನೂ ಸೇರಿಸಿ ಹದಿನಾಲ್ಕು ಜನಕ್ಕೆ ಪ್ರತಿ. ಹಾಕಿ ನೆಮ್ಮದಿಯಾಗಿ ಮಲಗಿದೆ.

ಮೂರು ವಾರ ಕಳೆದು, ಒಂದು ಶನಿವಾರ, ನಾವು ಮಾಡಿದ ಬಿಲ್ಲಿಂಗ್ ಪ್ರೋಗ್ರಾಂ ಗ್ರಾಹಕರ ಕೈಗೆ ಹೋಯಿತು. ಭಾನುವಾರ ಬೆಳಿಗ್ಗೆಯಿಂದ ಫೋನು. ಕೆಲವು ಬಿಲ್ಲುಗಳಲ್ಲಿ ತೆರಿಗೆ ಎರಡು ಸಲ ಲೆಕ್ಕವಾಗಿತ್ತು. ಯಾರದೋ ಜೇಬಿನಿಂದ ನಿಜವಾದ ದುಡ್ಡು ಹೋಗಿತ್ತು. ಎರಡು ರಾತ್ರಿ ಕೂತು ಸರಿಮಾಡಿದೆವು. ಆಮೇಲೆ ಗೊತ್ತಾಯಿತು, ಆ ಮೇಡಂ ಅದನ್ನು ಶುಕ್ರವಾರವೇ ನೋಡಿದ್ದರು. ಯಾಕೆ ಹೇಳಲಿಲ್ಲ ಅಂದೆ. "ನನ್ನದೇ ಲೆಕ್ಕ ತಪ್ಪಿರಬಹುದು ಅನ್ನಿಸ್ತು. ಕೇಳಿದರೆ ಮತ್ತೆ ಹದಿನಾಲ್ಕು ಜನರ ಮುಂದೆ ಅನ್ನಿಸಿಕೊಳ್ಳಬೇಕಲ್ಲ ಅಂತ ಸುಮ್ಮನಾದೆ" ಅಂದರು. ಸಿಟ್ಟಿನಿಂದಲ್ಲ, ಸಹಜವಾಗಿ ಅಂದರು. ಇನ್ನೊಂದು ಮಾತೂ ಇತ್ತು: ನಾನು ಆ ಗುರುವಾರ ಕೇಳಿದ್ದ ರಿಪೋರ್ಟನ್ನು ಅವರು ಮಂಗಳವಾರವೇ ಕಳಿಸಿದ್ದರು. ನಾನೇ ನೋಡಿರಲಿಲ್ಲ.

ನಾನು ಬೈಯಬೇಕೆಂದು ಬರೆದಿರಲಿಲ್ಲ. ಎದುರಿಗಿದ್ದರೆ, "ಅದೊಂದು ಇನ್ನೂ ಆಗಿಲ್ವಲ್ಲ ಮೇಡಂ, ಸೋಮವಾರ ಹೇಳಿದ್ನಲ್ಲ" ಅನ್ನುತ್ತಿದ್ದೆ. ಅದರಲ್ಲಿನ 'ಅಲ್ಲ', 'ಮೇಡಂ', ಮುಖದ ಮೇಲಿನ ಅರ್ಧ ನಗು, ಇವೇ ಮಾತನ್ನು ಮೆತ್ತಗೆ ಮಾಡುತ್ತವೆ. ಇಂಗ್ಲಿಷಿಗೆ ತಿರುಗಿಸುವಾಗ ಇವೆಲ್ಲ ಉದುರಿಹೋಗಿ ಬರೀ ಮೂಳೆ ಉಳಿಯಿತು. ಬರೆದವನಿಗೆ ತನ್ನ ದನಿ ಕೇಳುತ್ತಿರುತ್ತದೆ, ಓದುವವರಿಗೆ ಕೇಳುವುದಿಲ್ಲ. 2005ರಲ್ಲಿ ಅಮೆರಿಕದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಇಮೇಲಿನಲ್ಲಿ ತಾವು ಬರೆದದ್ದು ವ್ಯಂಗ್ಯವೋ ನಿಜವೋ ಓದುವವರಿಗೆ ತಿಳಿದೇ ತಿಳಿಯುತ್ತದೆ ಎಂದು ಬರೆದವರು ನಂಬಿದ್ದರು. ಓದಿದವರ ಊಹೆ ಸರಿಯಾದದ್ದು ಅದಕ್ಕಿಂತ ಬಹಳ ಕಡಿಮೆ.

ನಾನು ಈಗ ಇರುವುದು ಬೆಂಗಳೂರು ದಂಡು ಪ್ರದೇಶದ ಕುಕ್ ಟೌನ್‌ನಲ್ಲಿ, ಪೂರ್ವ ರೈಲು ನಿಲ್ದಾಣದ ಹತ್ತಿರ. ನಮ್ಮ ವಿಧಾನಸಭಾ ಕ್ಷೇತ್ರದ ಹೆಸರೇ ಸರ್ವಜ್ಞನಗರ. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ನಡೆಯುತ್ತವೆ. ನಮ್ಮ ಬೀದಿಗೆ ಬರುವ ತರಕಾರಿ ಗಾಡಿಯವರು ಯಾವ ಭಾಷೆಯನ್ನೂ ಪೂರ್ತಿ ಕಲಿತವರಲ್ಲ. ಆದರೆ ತಮಿಳರಿಗೆ 'ನೀಂಗ', ತೆಲುಗರಿಗೆ 'ಮೀರು', ಉರ್ದುವಿನವರಿಗೆ 'ಆಪ್', ನನಗೆ 'ನೀವು'. ಉಳಿದ ವ್ಯಾಕರಣ ತಪ್ಪಿದರೂ ಅದು ತಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯು'. ಹಾಗಂತ ಅಲ್ಲಿ ಮರ್ಯಾದೆ ಇಲ್ಲವೆಂದಲ್ಲ. ಅದು ಕ್ರಿಯಾಪದದ ಕೊನೆಯಲ್ಲಿ ಇರುವುದಿಲ್ಲ, ಇಡೀ ವಾಕ್ಯದಲ್ಲಿ ಹರಡಿರುತ್ತದೆ. ಆಜ್ಞೆ ಮಾಡುವ ಬದಲು ಕೇಳುವುದು, ತಪ್ಪು ಹೊರಿಸುವ ಮೊದಲು "ರಿಪೋರ್ಟ್ ನನಗೆ ಕಾಣಲಿಲ್ಲ, ಕಳಿಸಿದ್ದೀರಾ?" ಅನ್ನುವುದು. ನಮ್ಮ ನಾಲಿಗೆ ತಾನಾಗಿ ಹಾಕುವುದನ್ನು ಅಲ್ಲಿ ಕೈಯಿಂದ ಹಾಕಬೇಕು.

ಮಕ್ಕಳೇ, ಮರ್ಯಾದೆ ಅಂದರೆ ಕೈಮುಗಿದು ನಿಲ್ಲುವುದು ಅಂತಲೂ ತಿಳಿಯಬೇಡಿ. ನಮ್ಮಂಥದೇ ಹಳ್ಳಿ ಶಾಲೆಯಿಂದ ಬಂದ ಹುಡುಗ ಒಬ್ಬ ನನಗೊಂದು ಮೇಲ್ ಬರೆದಿದ್ದ. "ರೆಸ್ಪೆಕ್ಟೆಡ್ ಸರ್" ಎಂದು ಶುರುವಾಗಿ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ, ನನ್ನ ಮಾರ್ಗದರ್ಶನ ಹೊಗಳಿ, ಕೊನೆಯ ಸಾಲಿನಲ್ಲಿ ಸರ್ವರ್ ನಿಂತುಹೋಗಿದೆ ಅಂತ ಬರೆದಿದ್ದ! ಮನೆಗೆ ಬೆಂಕಿ ಬಿದ್ದಾಗ ಮೊದಲು ಬೆಂಕಿ ಅನ್ನಬೇಕಪ್ಪಾ, ಅಂದೆ.

ಇನ್ನು ಆ ಹದಿನಾಲ್ಕು ಜನರ ವಿಷಯ. ಇಮೇಲಿನಲ್ಲಿ 'ಸಿಸಿ' ಅಂತ ಒಂದು ಜಾಗವಿದೆ. ಕಾರ್ಬನ್ ಕಾಪಿ ಅಂತ ಅರ್ಥ. ಟೈಪ್‌ರೈಟರಿನ ಕಾಲದಲ್ಲಿ ಹಾಳೆಗಳ ನಡುವೆ ಇಡುತ್ತಿದ್ದ ಕಪ್ಪು ಕಾಗದದಿಂದ ಬಂದ ಹೆಸರು. ಟೈಪ್ ಮಾಡುವವರು ಎಷ್ಟು ಕಾರ್ಬನ್ ಇಟ್ಟಿದ್ದೇನೆ ಅಂತ ಎಣಿಸುತ್ತಿದ್ದರು, ನಾವು ಎಣಿಸುವುದಿಲ್ಲ. ನಮ್ಮಜ್ಜ ಓದಿದ್ದು ಮೂರನೇ ಕ್ಲಾಸು. ಆದರೆ ಯಾವುದಕ್ಕೆ ಕಾರ್ಡು, ಯಾವುದಕ್ಕೆ ಇನ್‌ಲ್ಯಾಂಡ್ ಲೆಟರ್ ಅನ್ನುವುದು ಅವರಿಗೆ ಗೊತ್ತಿತ್ತು. ಮಳೆ ಬಂತು, ಹಸು ಕರು ಹಾಕಿತು, ಎಲ್ಲರೂ ಕ್ಷೇಮ ಅಂತ ಬರೆಯಲು ಕಾರ್ಡು. ಅಳಿಯನ ಮೇಲಿನ ದೂರಿಗೆ ಇನ್‌ಲ್ಯಾಂಡ್, ಅದೂ ಅನ್ನದ ಅಗುಳಿನಿಂದ ಅಂಚು ಅಂಟಿಸಿ. ಕಾರ್ಡನ್ನು ದಾರಿಯಲ್ಲಿ ನಾಲ್ಕು ಜನ ಓದುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಬಿ.ಇ. ಓದಿದ ನಾನು ದೂರನ್ನು ಕಾರ್ಡಿನಲ್ಲಿ ಬರೆದಿದ್ದೆ.

ಇದು ನನ್ನೊಬ್ಬನ ಕಥೆಯೇನಲ್ಲ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿ ಲಿನಕ್ಸ್ ಇದೆ. ಅದನ್ನು 1991ರಲ್ಲಿ ಶುರು ಮಾಡಿದವರು ಫಿನ್‌ಲ್ಯಾಂಡಿನ ಲಿನಸ್ ಟೊರ್ವಾಲ್ಡ್ಸ್. ಜಗತ್ತಿನ ಮೂಲೆಮೂಲೆಯ ಎಂಜಿನಿಯರುಗಳು ಇಮೇಲಿನಲ್ಲೇ ಚರ್ಚಿಸಿ ಅದನ್ನು ಬೆಳೆಸಿದರು. ಟೊರ್ವಾಲ್ಡ್ಸ್ ಎಷ್ಟು ದೊಡ್ಡ ಎಂಜಿನಿಯರೋ ಅವರ ಮೇಲುಗಳು ಅಷ್ಟೇ ಒರಟು. 2018ರ ಸೆಪ್ಟೆಂಬರ್ 16ರಂದು, ತನ್ನ ಮೇಲುಗಳಿಂದ ನೊಂದವರ ಕ್ಷಮೆ ಕೇಳಿ ಅವರೇ ಎಲ್ಲರಿಗೂ ಬರೆದರು. ಕೆಲವು ವಾರ ಕೆಲಸದಿಂದ ದೂರ ಉಳಿದು ಅಕ್ಟೋಬರಿನಲ್ಲಿ ಮರಳಿದರು. ಅವರು ಬಾಯಿಮಾತಿನಲ್ಲಿ ಕ್ಷಮೆ ಕೇಳಬಹುದಿತ್ತು. ಬರೆದು ನೋಯಿಸಿದ್ದರು, ಬರೆದೇ ಕೇಳಿದರು. ಅದು ನನಗೆ ಹಿಡಿಸಿತು.

ನಾನು ಕ್ಷಮೆ ಕೇಳಿದ್ದು ಅದಕ್ಕೂ ಮೊದಲೇ. ಮೇಡಂ ಕೂತಿದ್ದ ಟೇಬಲ್ಲಿಗೆ ಹೋಗಿ ಹೇಳಿದರೆ ಸಾಕು ಅಂದುಕೊಂಡಿದ್ದೆ, ಹೇಳಿಯೂ ಆಯಿತು. ಆದರೆ ಉಳಿದ ಹದಿನಾಲ್ಕು ಜನರ ಕಣ್ಣಿಗೆ ಅವರು ಕೆಲಸ ಮಾಡದವರಾಗಿಯೇ ಉಳಿದಿದ್ದರು. ರಾತ್ರಿ ಹಳೇ ನೋಟ್‌ಬುಕ್ಕಿನಲ್ಲಿ ಮೊದಲು ಕನ್ನಡದಲ್ಲಿ ಬರೆದೆ. ಕೈ ತಾನಾಗಿ 'ಇವರಿಂದ, ಇವರಿಗೆ, ವಿಷಯ' ಅಂತ ಹೋಯಿತು. ವಿಷಯದ ಮುಂದೆ 'ನನ್ನ ತಪ್ಪು' ಅಂತ ಬರೆದೆ. ರಿಪೋರ್ಟ್ ಮಂಗಳವಾರವೇ ಬಂದಿತ್ತು, ನಾನು ನೋಡದೆ ಆಪಾದನೆ ಮಾಡಿದೆ, ಕ್ಷಮಿಸಿ. ಅದನ್ನೇ ಇಂಗ್ಲಿಷಿಗೆ ಇಳಿಸಿ ಅದೇ ಹದಿನಾಲ್ಕು ಜನಕ್ಕೆ ಕಳಿಸಿದೆ.

ಹತ್ತು ನಿಮಿಷಕ್ಕೆ ಮೇಡಂ ಉತ್ತರ ಬಂತು, ಎಲ್ಲರಿಗೂ ಪ್ರತಿ ಸಮೇತ. "ಥ್ಯಾಂಕ್ ಯು" ಅಂತ ಒಂದೇ ಸಾಲು. ಕೆಳಗೆ ಮಂಗಳವಾರದ ಆ ರಿಪೋರ್ಟನ್ನು ಇನ್ನೊಂದು ಸಲ ಲಗತ್ತಿಸಿದ್ದರು.