ಗುಣವಾಗುವ ಹೊತ್ತಿನ ಜ್ವರ
(ಮಾಗಡಿಯಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ ಕಾರ್-ಟಿ ಎಂಬ ಚಿಕಿತ್ಸೆ ಬಂದಿದೆ. ರೋಗಿಯ ರಕ್ತದಿಂದ ಟಿ ಜೀವಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶವನ್ನು ಗುರುತು ಹಿಡಿಯುವಂತೆ ಮಾರ್ಪಡಿಸಿ, ಬೆಳೆಸಿ, ಅದೇ ರೋಗಿಗೆ ಮರಳಿ ಕೊಡುತ್ತಾರೆ. ಮುಂಬೈನ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಶ್ರಮದಿಂದ ಹುಟ್ಟಿದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಅನುಮತಿ ದೊರೆಯಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಕಾರ್ಟೆಮಿಯನ್ನು ಹೊರತಂದಿತು. ನಾವು ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಹಿಂತಿರುಗುವ ಊರಿನಲ್ಲೇ ಈ ಕೆಲಸ ನಡೆದಿದೆ.

ಆದರೆ ಒಂದು ಅಪಾಯವಿದೆ. ಈ ಕೋಶಗಳು ಹೋರಾಡುವಾಗ ಇಂಟರ್‌ಲ್ಯೂಕಿನ್-6 ಮುಂತಾದ ರಾಸಾಯನಿಕಗಳು ರಕ್ತದಲ್ಲಿ ಮಿತಿಮೀರಬಹುದು. ಆಗ ಜ್ವರ ಏರುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಸಾಮಾನ್ಯವಾಗಿ ಇದು ಮೊದಲ ಎರಡು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ.

2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಬಾಲಕಿ ಹೀಗೆಯೇ ಸಾವಿನಂಚಿಗೆ ಹೋದಳು. ಪರೀಕ್ಷೆಯಲ್ಲಿ ಇಂಟರ್‌ಲ್ಯೂಕಿನ್-6 ವಿಪರೀತ ಏರಿರುವುದು ತಿಳಿಯಿತು. ಸಂಶೋಧಕ ಕಾರ್ಲ್ ಜೂನ್ ಅವರ ಮಗಳಿಗೆ ಸಂಧಿವಾತವಿತ್ತು. ಆದ್ದರಿಂದ ಅದನ್ನು ತಡೆಯುವ ಟೋಸಿಲಿಜುಮಾಬ್ ಎಂಬ ಸಂಧಿವಾತದ ಔಷಧಿ ಅವರಿಗೆ ಗೊತ್ತಿತ್ತು. ಅದನ್ನು ಕೊಟ್ಟ ಮೇಲೆ ಮಗು ಚೇತರಿಸಿಕೊಂಡು, ತನ್ನ ಏಳನೇ ಹುಟ್ಟುಹಬ್ಬದ ದಿನ ಕಣ್ಣು ತೆರೆಯಿತು. 2017ರಲ್ಲಿ ಅಮೆರಿಕ ಸರ್ಕಾರ ಈ ಬಳಕೆಗೆ ಒಪ್ಪಿಗೆ ನೀಡಿತು.

ಇಂದು ಸೌಮ್ಯ ಜ್ವರಕ್ಕೆ ಪ್ಯಾರಸಿಟಮಾಲ್ ಕೊಟ್ಟು, ಸೋಂಕು ಇದೆಯೇ ಎಂದು ಹುಡುಕುತ್ತಾರೆ. ರಕ್ತದೊತ್ತಡ ಇಳಿದರೆ ಡ್ರಿಪ್, ಆಮ್ಲಜನಕ, ಟೋಸಿಲಿಜುಮಾಬ್. ಸಾಲದಿದ್ದರೆ ಸ್ಟೀರಾಯ್ಡ್ ಮತ್ತು ತೀವ್ರ ನಿಗಾ ಘಟಕ.

ಕೆಲವರಿಗೆ ಮಿದುಳಿಗೂ ತೊಂದರೆಯಾಗುತ್ತದೆ. ಅದನ್ನು ಕಂಡುಹಿಡಿಯುವ ವಿಧಾನ ಸರಳ: ರೋಗಿಯಿಂದ ದಿನವೂ ಒಂದು ವಾಕ್ಯ ಬರೆಸುತ್ತಾರೆ, ನೂರರಿಂದ ಹತ್ತತ್ತು ಕಳೆದು ಎಣಿಸಲು ಹೇಳುತ್ತಾರೆ. ನಿನ್ನೆ ನೆಟ್ಟಗಿದ್ದ ಅಕ್ಷರ ಇಂದು ಸೊಟ್ಟಗಾದರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ಇದಕ್ಕೆ ಮುಖ್ಯ ಔಷಧಿ ಸ್ಟೀರಾಯ್ಡ್.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ. ಈ ಚಿಕಿತ್ಸೆ ಪಡೆದವರು ವೈದ್ಯರು ಹೇಳಿದಷ್ಟು ವಾರ ಆಸ್ಪತ್ರೆಯ ಸಮೀಪವೇ ಉಳಿಯಲಿ. ಊರಿನ ಮೇಲಿನ ಆಸೆಗೆ ಬೇಗ ಹೊರಟುಬರಬೇಡಿ. ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಫೋನ್ ಮಾಡಿ.

ವಿದ್ಯಾರ್ಥಿಗಳೇ, ಕೀಲುನೋವಿನ ಔಷಧಿಯೊಂದು ಕ್ಯಾನ್ಸರ್ ಪೀಡಿತ ಮಗುವನ್ನು ಉಳಿಸಿತು. ಕಲಿತದ್ದು ಯಾವ ಹೊತ್ತಿನಲ್ಲಿ ಯಾರ ಪ್ರಾಣಕ್ಕೆ ಒದಗುವುದೋ ಹೇಳಲಾಗದು. ಆದ್ದರಿಂದ ಮನಸ್ಸಿಟ್ಟು ಓದಿ.