ತಂತಿಯ ಆ ತುದಿಯಲ್ಲಿ ಯಾರು?



ಟಿ.ವಿ. ಎಂದರೆ ನಾವು ನೋಡುವ ಪೆಟ್ಟಿಗೆ. ಅದು ನಮ್ಮನ್ನು ನೋಡತೊಡಗಿದ್ದು ಯಾವಾಗ? ಇಂಟರ್‌ನೆಟ್ ಬಂದ ಮೇಲೆ ಎಂದೇ ನಾನೂ ತಿಳಿದಿದ್ದೆ. ಆದರೆ ಇದು ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಕಥೆ.

1977ರ ಡಿಸೆಂಬರ್ 1ರಂದು ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ವಾರ್ನರ್ ಕೇಬಲ್ ಕಂಪನಿ ‘ಕ್ಯೂಬ್’ ಎಂಬ ಸೇವೆ ಆರಂಭಿಸಿತು. 30 ಚಾನೆಲ್‌ಗಳು, ಜತೆಗೆ ವೀಕ್ಷಕರು ಉತ್ತರ ಹೇಳಲೆಂದೇ 5 ಗುಂಡಿಗಳು. ಪ್ರತಿಭಾ ಪ್ರದರ್ಶನದಲ್ಲಿ ಹಾಡುವವನು ಬೇಸರ ತರಿಸಿದರೆ ಮನೆಯಲ್ಲೇ ಕುಳಿತು ಅವನನ್ನು ವೇದಿಕೆಯಿಂದ ಇಳಿಸಬಹುದಿತ್ತು! 1979ರ ಜುಲೈನಲ್ಲಿ ಅಧ್ಯಕ್ಷ ಕಾರ್ಟರ್ ಇಂಧನ ಬಿಕ್ಕಟ್ಟಿನ ಬಗ್ಗೆ ಭಾಷಣ ಮಾಡಿದಾಗ ಜನಾಭಿಪ್ರಾಯ ಕೇಳಿದ್ದೂ ಈ ಗುಂಡಿಗಳ ಮೂಲಕವೇ.

ಕೇಬಲ್ ಒಂದು, ಮನೆಗಳು ಸಾವಿರಾರು. ಎಲ್ಲರೂ ಒಮ್ಮೆಲೇ ಉತ್ತರಿಸಿದರೆ ಬರೀ ಗದ್ದಲ. ಅದಕ್ಕೆ ಕಂಡುಕೊಂಡ ಉಪಾಯ, ನಮ್ಮ ಶಾಲೆಯ ಮೇಷ್ಟರದ್ದು: ಹಾಜರಿ ಕರೆಯುವುದು. ಪ್ರತಿ ಮನೆಯ ಪೆಟ್ಟಿಗೆಗೂ ಒಂದು ಸಂಖ್ಯೆ. ಕೇಂದ್ರದ ಕಂಪ್ಯೂಟರು ಒಂದೊಂದಾಗಿ ಕೂಗುತ್ತಿತ್ತು. ಕರೆ ಬಂದಾಗಲಷ್ಟೇ ಪೆಟ್ಟಿಗೆ ಓಗೊಡುತ್ತಿತ್ತು. ಹೀಗೆ ಪ್ರತಿ 6 ಸೆಕೆಂಡಿಗೊಮ್ಮೆ ಇಡೀ ಊರಿನ ಹಾಜರಿ ಮುಗಿಯುತ್ತಿತ್ತು.

ಸೂಕ್ಷ್ಮ ಇರುವುದು ಇಲ್ಲೇ. ನೀವು ಗುಂಡಿ ಒತ್ತದಿದ್ದರೂ ಪೆಟ್ಟಿಗೆ ಉತ್ತರ ಕೊಡುತ್ತಿತ್ತು: ಟಿ.ವಿ. ಹಾಕಿದೆಯೇ, ಯಾವ ಚಾನೆಲ್ ನಡೆಯುತ್ತಿದೆ ಎಂದು. ಮನೆಯವರು ಸುಮ್ಮನಿದ್ದರೂ ಮನೆ ಸುಮ್ಮನಿರಲಿಲ್ಲ.

ಅದು ಕೋರ್ಟಿನ ಮೆಟ್ಟಿಲನ್ನೂ ಏರಿತು. ಅಶ್ಲೀಲ ಚಿತ್ರ ತೋರಿಸಿದ ಆರೋಪ ಹೊತ್ತ ಕೊಲಂಬಸ್‌ನ ಚಿತ್ರಮಂದಿರದ ಮಾಲೀಕರೊಬ್ಬರು, ಅದೇ ಚಿತ್ರವನ್ನು ಊರಿನವರು ಕ್ಯೂಬ್‌ನಲ್ಲಿ ನೋಡಿದ್ದಾರಲ್ಲ, ಲೆಕ್ಕ ಕೊಡಿಸಿ ಎಂದರು. ನ್ಯಾಯಾಲಯ ಒಟ್ಟು ಸಂಖ್ಯೆಯನ್ನಷ್ಟೇ ಕೊಡಿಸಿತು, ಹೆಸರುಗಳನ್ನಲ್ಲ. ನೋಡಿದವರು ಬಚಾವಾದರು. ಆದರೆ ಹೆಸರು ಸಹಿತ ಲೆಕ್ಕ ಇಡಬಲ್ಲ ಯಂತ್ರವೊಂದು ಊರಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು.

1984ರಲ್ಲಿ ಅಮೆರಿಕದ ಕೇಬಲ್ ಕಾಯ್ದೆ, ಗ್ರಾಹಕರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಿಟ್ಟುಕೊಡುವುದಕ್ಕೆ ಕಡಿವಾಣ ಹಾಕಿತು. ಕ್ಯೂಬ್ ಮಾತ್ರ ನಷ್ಟ ತಾಳಲಾರದೆ ಆ ದಶಕದಲ್ಲೇ ಕಣ್ಮುಚ್ಚಿತು.

ನಮ್ಮ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಗೆ ಒಪ್ಪಿಗೆ ಕೊಟ್ಟದ್ದು 2023ರಲ್ಲಿ. ಈಗ ಹಾಜರಿ ಕೂಗುವ ಯಂತ್ರ ನಮ್ಮ ಜೇಬಿನಲ್ಲೇ ಇದೆ. ನಮ್ಮ ಪರವಾಗಿ ಅದು ಯಾರಿಗೆ, ಏನೆಂದು ಓಗೊಡುತ್ತಿದೆ? ಕೇಳುವ ಹಕ್ಕು ನಮಗಿದೆ. ಕೇಳುವ ಅಭ್ಯಾಸವನ್ನು ನಾವೇ ಮಾಡಿಕೊಳ್ಳಬೇಕು.