ಹಿಮಶೈಲಗಳಲ್ಲಿ ವೈದ್ಯ



ವೈದ್ಯನೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವ ಚಿತ್ರವೊಂದುಂಟು. ಬಿಳಿಯ ಗೋಡೆಯ ಕೊಠಡಿ, ಮಂಚದ ಮೇಲೆ ರೋಗಿ, ಪಕ್ಕದಲ್ಲಿ ದಾದಿ, ಕೈಗೆಟಕುವಂತೆ ಔಷಧಗಳು, ಮೇಲೆ ಉರಿಯುವ ದೀಪ. ಇವೆಲ್ಲ ಇದ್ದಲ್ಲಿಯೇ ವೈದ್ಯನ ಕೈ ಆಡುವುದೆಂದು ನಾವು ಭಾವಿಸಿರುತ್ತೇವೆ. ಈಗ ಇವುಗಳನ್ನು ಒಂದೊಂದಾಗಿ ತೆಗೆದುಹಾಕಿ ನೋಡೋಣ. ಗೋಡೆಗಳು ಹೋಗಿ ಗಾಳಿ ಬೀಸಲಿ. ದೀಪವಾರಿ ಕತ್ತಲೆ ಕವಿಯಲಿ. ಮಂಚದ ಬದಲು ಹಿಮದ ಇಳಿಜಾರಿರಲಿ. ಔಷಧವು ಸೀಸೆಯಲ್ಲಿಯೇ ಹೆಪ್ಪುಗಟ್ಟಲಿ, ನಾಡಿಯನ್ನು ನೋಡಬೇಕಾದ ಬೆರಳುಗಳು ಮರಗಟ್ಟಲಿ. ಇಷ್ಟೆಲ್ಲ ಹೋದ ಮೇಲೂ ರೋಗಿ ಮಾತ್ರ ಅಲ್ಲಿಯೇ ಇದ್ದಾನೆ. ಆಗ ವೈದ್ಯನು ಮಾಡತಕ್ಕುದೇನು? ಇದು ಇಂದಿನ ನಮ್ಮ ವಿಷಯ.

ಹಿಮ ಬೀಳದ ನಾಡಿನವರಾದ ನಮಗೆ ಈ ಚಿಂತೆಯೇಕೆಂದು ಕೆಲವರು ಕೇಳಬಹುದು. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನಲ್ಲಿ ಬೆಟದೂರೆಂಬ ಗ್ರಾಮವಿದೆ. ಹೆಸರಿನಲ್ಲಿ ಬೆಟ್ಟದ ಛಾಯೆಯಿದ್ದರೂ ಅದು ಕರಿಯ ನೆಲದ ಬಯಲುಸೀಮೆ. ಆ ಊರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಎಂಬ ಸೈನಿಕರು 2016ನೆಯ ಇಸವಿ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಕಾವಲು ಠಾಣೆಯೊಂದರಲ್ಲಿದ್ದರು. ಸಮುದ್ರಮಟ್ಟದಿಂದ ಸುಮಾರು 19,600 ಅಡಿ ಎತ್ತರ. ಅಲ್ಲಿ ಗಾಳಿಯ ಒತ್ತಡವು ಕಡಲತೀರದ ಅರ್ಧಕ್ಕಿಂತಲೂ ಕಡಮೆ. ಆ ದಿನ ಹಿಮದ ಗೋಡೆಯೊಂದು ಕುಸಿದು ಠಾಣೆಯ ಹತ್ತು ಮಂದಿಯನ್ನೂ ಮುಚ್ಚಿಬಿಟ್ಟಿತು. ಬದುಕಿ ಉಳಿದವರು ಯಾರೂ ಇರಲಾರರೆಂದೇ ಎಲ್ಲರೂ ತಿಳಿದರು. ಆದರೂ ಹುಡುಕುವವರು ಹುಡುಕಿದರು. ನಾಯಿಗಳನ್ನು ತಂದರು; ನೆಲದೊಳಗನ್ನು ಶೋಧಿಸುವ ರೇಡಾರ್ ಯಂತ್ರಗಳನ್ನೂ ಹಿಮವನ್ನು ಕೊಯ್ಯುವ ಯಂತ್ರಗಳನ್ನೂ ಮೇಲಕ್ಕೆ ಸಾಗಿಸಿದರು. ಫೆಬ್ರವರಿ 8ರಂದು, ಸುಮಾರು 25 ಅಡಿ ಹಿಮದ ಕೆಳಗೆ, ಹನುಮಂತಪ್ಪನವರು ಸಿಕ್ಕಿದರು. ಜೀವವಿತ್ತು, ಅರೆಬರೆಯಾಗಿ ಎಚ್ಚರವೂ ಇತ್ತು.

ಜೊತೆಗಿದ್ದ ಸೇನೆಯ ವೈದ್ಯರು ಆಗ ಮಾಡಿದ ಚಿಕಿತ್ಸೆಯನ್ನು ಕೇಳಿದರೆ ನಮ್ಮ ಶ್ರೋತೃಗಳಲ್ಲಿ ಅನೇಕರಿಗೆ ನಿರಾಶೆಯಾಗಬಹುದು. ಬೆಚ್ಚಗೆ ಮಾಡಿದ ದ್ರವವನ್ನು ರಕ್ತನಾಳದ ಮೂಲಕ ಕೊಟ್ಟರು. ಬೆಚ್ಚಗಿನ, ತೇವವುಳ್ಳ ಆಮ್ಲಜನಕವನ್ನು ಉಸಿರಾಡಿಸಿದರು. ದೇಹದ ಶಾಖ ಹೊರಹೋಗದಂತೆ ಹೊದಿಸಿ ಕಾಪಾಡಿದರು. ಇಷ್ಟೇ. ಐದು ದಿನ ಹಿಮದಡಿಯಲ್ಲಿದ್ದವನನ್ನು ಉಜ್ಜಿ, ಬೆಂಕಿಯ ಬಳಿ ಕೂರಿಸಿ, ಬಿಸಿಬಿಸಿಯಾಗಿ ಏನನ್ನಾದರೂ ಕುಡಿಸಬಾರದಾಗಿತ್ತೆ? ಬಾರದು. ಅದೇಕೆ ಬಾರದೆಂಬುದರಲ್ಲಿಯೇ ಪರ್ವತವೈದ್ಯದ ಸಾರವೆಲ್ಲ ಅಡಗಿದೆಯೆಂದು ನಮಗೆ ತೋರುತ್ತದೆ.

ಮನುಷ್ಯನ ಒಡಲ ಶಾಖವು ಸುಮಾರು 37 ಡಿಗ್ರಿ ಸೆಂಟಿಗ್ರೇಡ್. ಅದು 35ಕ್ಕಿಂತ ಕೆಳಗಿಳಿದರೆ ಚಳಿಯ ಬಾಧೆ ಮೊದಲಾಯಿತೆಂದು ಲೆಕ್ಕ. ಆಗ ದೇಹವು ಗಡಗಡನೆ ನಡುಗುತ್ತದೆ. ನಡುಕವೆಂಬುದು ನೋಡಲು ಸಂಕಟವಾದರೂ ವೈದ್ಯನಿಗೆ ಅದು ಶುಭಚಿಹ್ನೆ. ಒಲೆ ಇನ್ನೂ ಉರಿಯುತ್ತಿದೆಯೆಂದು ಅರ್ಥ. ಸುಮಾರು 32 ಡಿಗ್ರಿಗಿಂತ ಕೆಳಗೆ ನಡುಕ ನಿಲ್ಲುತ್ತಾ ಬರುತ್ತದೆ, ಬುದ್ಧಿ ಮಂಕಾಗುತ್ತದೆ, ಮಾತು ತೊದಲುತ್ತದೆ. 28ಕ್ಕಿಂತ ಕೆಳಗೆ ಸಾಮಾನ್ಯವಾಗಿ ಎಚ್ಚರ ತಪ್ಪುತ್ತದೆ. ಈ ಸ್ಥಿತಿಯಲ್ಲಿ ಹೃದಯವು ತುಂಬ ನೀರು ತುಂಬಿದ ಕೊಡದಂತೆ. ಸ್ವಲ್ಪ ಅಲುಗಿದರೂ ತುಳುಕುತ್ತದೆ. ಒರಟಾಗಿ ಎತ್ತಿದರೆ, ಎಬ್ಬಿಸಿ ನಿಲ್ಲಿಸಿದರೆ, ಕೈಕಾಲುಗಳನ್ನು ತಿಕ್ಕಿದರೆ, ಅಷ್ಟು ಹೊತ್ತು ಮೆಲ್ಲಗೆ ಬಡಿಯುತ್ತಿದ್ದ ಹೃದಯವು ಲಯ ತಪ್ಪಿ ಅದುರತೊಡಗಿ ರಕ್ತವನ್ನು ಒತ್ತುವುದನ್ನೇ ಬಿಟ್ಟುಬಿಡಬಹುದು. ಆದ್ದರಿಂದ ಇಂತಹವನನ್ನು ಮಲಗಿದ್ದಂತೆಯೇ, ಅಡ್ಡಲಾಗಿಯೇ ಎತ್ತಬೇಕು. ಒದ್ದೆಯ ಬಟ್ಟೆಯನ್ನು ಎಳೆದು ಬಿಚ್ಚದೆ ಕತ್ತರಿಸಿ ತೆಗೆಯಬೇಕು. ಶಾಖವನ್ನು ಎದೆ, ಕಂಕುಳು, ಬೆನ್ನುಗಳಿಗೆ ಕೊಡಬೇಕೇ ಹೊರತು ಕೈಕಾಲುಗಳಿಗಲ್ಲ. ಅವಸರವೇ ಶತ್ರುವಾದ ಸ್ಥಳದಲ್ಲಿ ಅವಸರದ ವೈದ್ಯವನ್ನು ನಡೆಸಬೇಕು. ಇದು ವಿಚಿತ್ರವಾದರೂ ನಿಜ.

ಈ ತಿಳಿವಳಿಕೆ ಸುಲಭವಾಗಿ ಬಂದುದಲ್ಲ. 1812ರಲ್ಲಿ ನೆಪೋಲಿಯನ್ನನ ಸೇನೆ ರಷ್ಯಾದಿಂದ ಹಿಂದಿರುಗುವಾಗ ಜೊತೆಯಲ್ಲಿದ್ದ ಶಸ್ತ್ರವೈದ್ಯ ಲಾರೇ ಎಂಬಾತನು ಮಹಾನುಭಾವ. ರಣಭೂಮಿಯಿಂದ ಗಾಯಾಳುಗಳನ್ನು ತ್ವರಿತವಾಗಿ ಸಾಗಿಸುವ ಗಾಡಿಗಳನ್ನು ಕಲ್ಪಿಸಿದವನು. ಹಿಮದಿಂದ ಮರಗಟ್ಟಿದ ಕೈಕಾಲುಗಳನ್ನು ಸಿಪಾಯಿಗಳು ಬೆಂಕಿಗೆ ಹಿಡಿದು, ಸುಟ್ಟು, ಕೊಳೆಯಿಸಿಕೊಂಡದ್ದನ್ನು ಅವನು ಕಣ್ಣಾರೆ ಕಂಡನು. ಅದರಿಂದ ಬೆಂಕಿಯೇ ಬೇಡ, ಹಿಮದಿಂದಲೇ ಉಜ್ಜಿರಿ ಎಂದು ವಿಧಿಸಿದನು. ಕಂಡದ್ದು ಸರಿ, ತೀರ್ಮಾನ ತಪ್ಪು. ಆ ತಪ್ಪು ನೂರು ವರ್ಷಗಳಿಗೂ ಮೀರಿ ಪುಸ್ತಕಗಳಲ್ಲಿ ಉಳಿಯಿತು. ದೊಡ್ಡವರ ತಪ್ಪಿಗೆ ಆಯುಸ್ಸು ಹೆಚ್ಚು. ಮರಗಟ್ಟಿದ ಅಂಗವನ್ನು 37ರಿಂದ 39 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅದ್ದಿ ಕರಗಿಸಬೇಕೆಂಬುದು ಇಂದಿನ ಕ್ರಮ. ಅದೂ, ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಸ್ಥಳವನ್ನು ಸೇರಿದ ಮೇಲೆ ಮಾತ್ರ. ಕರಗಿದ ಕಾಲು ದಾರಿಯಲ್ಲಿ ಪುನಃ ಹೆಪ್ಪುಗಟ್ಟಿದರೆ ಮೊದಲಿಗಿಂತ ಹೆಚ್ಚಿನ ಹಾನಿ.

ಬ್ರಾಂದಿಯ ಮಾತೂ ಹಾಗೆಯೇ. ಆಲ್ಪ್ಸ್ ಪರ್ವತದ ಸೇಂಟ್ ಬರ್ನಾರ್ಡ್ ಕಣಿವೆಯ ಮಠದ ನಾಯಿಗಳು ಕೊರಳಿಗೆ ಬ್ರಾಂದಿಯ ಪೀಪಾಯಿ ಕಟ್ಟಿಕೊಂಡು ಹಿಮದಲ್ಲಿ ಸಿಲುಕಿದವರನ್ನು ಹುಡುಕುವ ಚಿತ್ರವನ್ನು ನೋಡದವರಿಲ್ಲ. ನಾಯಿಗಳು ನಿಜ, ಅವುಗಳಲ್ಲಿ ಬಾರಿ ಎಂಬುದರ ದೇಹವನ್ನು ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇರಿಸಿದ್ದಾರೆ. ಪೀಪಾಯಿ ಮಾತ್ರ ಲ್ಯಾಂಡ್‌ಸೀರ್ ಎಂಬ ಚಿತ್ರಕಾರನ ಕಾಣಿಕೆ. ಮದ್ಯವು ಚರ್ಮದ ರಕ್ತನಾಳಗಳನ್ನು ಅಗಲಿಸಿ ಬೆಚ್ಚಗಾದಂತೆ ಭ್ರಮೆ ಹುಟ್ಟಿಸುತ್ತದೆ. ಒಳಗಿನ ಶಾಖವನ್ನು ಹೊರಕ್ಕೆ ಚೆಲ್ಲಿಬಿಡುತ್ತದೆ. ನಮ್ಮ ಸಹ್ಯಾದ್ರಿಯ ಶಿಖರಗಳಿಗೆ ಮಳೆಗಾಲದಲ್ಲಿ ಹೊರಡುವ ತರುಣರು ಇದನ್ನು ಮರೆಯಬಾರದು. ಚಳಿಯ ಬಾಧೆಗೆ ಹಿಮವೇ ಬೇಕಾಗಿಲ್ಲ. ನೆನೆದ ಬಟ್ಟೆ, ಬೀಸುವ ಗಾಳಿ, ದಣಿದ ಮೈ, ಬರಿಯ ಹೊಟ್ಟೆ, ಇವು ನಾಲ್ಕೂ ಕೂಡಿದರೆ ಸಾಕು. ಜೊತೆಗಾರನೊಬ್ಬನು ಕಾರಣವಿಲ್ಲದೆ ಹಿಂದೆ ಬೀಳುತ್ತಾ, ಎಡವುತ್ತಾ, ಕೇಳಿದ್ದಕ್ಕೆ ಸಿಡುಕುತ್ತಾ ಇದ್ದರೆ ಅವನ ಸ್ವಭಾವವನ್ನು ದೂರುವುದಕ್ಕೆ ಮೊದಲು ಒಣಬಟ್ಟೆ ಹಾಕಿಸಿ, ಗಾಳಿಯ ಮರೆಗೆ ಕೂರಿಸಿ, ಎಚ್ಚರವಾಗಿದ್ದರೆ ಸಕ್ಕರೆ ಹಾಕಿದ ಬಿಸಿ ಪಾನೀಯವನ್ನು ಕೊಡುವುದು ಲೇಸು.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಚಳಿಯು ಕೊಲ್ಲುತ್ತದೆ, ಅದೇ ಚಳಿಯು ಕಾಪಾಡುವುದೂ ಉಂಟು. ಒಡಲು ಒಂದೊಂದು ಡಿಗ್ರಿ ತಣ್ಣಗಾದಂತೆಲ್ಲ ಮಿದುಳಿಗೆ ಬೇಕಾದ ಆಮ್ಲಜನಕವು ಸುಮಾರು ನೂರಕ್ಕೆ ಆರರಂತೆ ಕಡಮೆಯಾಗುತ್ತದೆ. ಆದ್ದರಿಂದ ಆಳವಾಗಿ ತಣಿದ ಮನುಷ್ಯನು ಸತ್ತಂತೆ ಕಂಡರೂ ಸತ್ತಿರಬೇಕೆಂಬ ನಿಯಮವಿಲ್ಲ. 1999ರ ಮೇ ತಿಂಗಳಲ್ಲಿ ನಾರ್ವೆ ದೇಶದ ನಾರ್ವಿಕ್ ಪಟ್ಟಣದ ಬಳಿ 29 ವರ್ಷದ ವೈದ್ಯೆಯೊಬ್ಬರು ಹಿಮದ ಮೇಲೆ ಜಾರುತ್ತಾ ಹೋಗಿ, ಹೆಪ್ಪುಗಟ್ಟಿದ ತೊರೆಯ ಪದರದ ಕೆಳಕ್ಕೆ ತಲೆಕೆಳಗಾಗಿ ಬಿದ್ದರು. ಜೊತೆಗಿದ್ದವರು ಪಾದಗಳನ್ನು ಹಿಡಿದುಕೊಂಡರು, ಎಳೆಯಲಾಗಲಿಲ್ಲ. ಮಂಜುಗಡ್ಡೆಯ ಕೆಳಗಿನ ಚಿಕ್ಕದೊಂದು ಗಾಳಿಯ ಬಿಲದಲ್ಲಿ ಉಸಿರಾಡುತ್ತಾ ಆಕೆ 40 ನಿಮಿಷ ಹೋರಾಡಿ ಸ್ತಬ್ಧರಾದರು. ಹೊರತೆಗೆಯುವಾಗ 80 ನಿಮಿಷ ಕಳೆದಿತ್ತು. ನಾಡಿಯಿಲ್ಲ, ಉಸಿರಿಲ್ಲ. ಜೊತೆಗಾರರು ಎದೆಯೊತ್ತುವುದನ್ನು ಅಲ್ಲಿಯೇ ಮೊದಲು ಮಾಡಿದರು. ಹೆಲಿಕಾಪ್ಟರಿನಲ್ಲಿ ಟ್ರಾಮ್ಸೊ ನಗರದ ಆಸ್ಪತ್ರೆಗೆ ಒಯ್ಯುವವರೆಗೂ ಅದನ್ನು ಬಿಡಲಿಲ್ಲ. ಅಲ್ಲಿ ಅಳೆದಾಗ ಒಡಲ ಶಾಖ 13.7 ಡಿಗ್ರಿ! ರಕ್ತವನ್ನು ಹೊರತೆಗೆದು ಯಂತ್ರದಲ್ಲಿ ಬೆಚ್ಚಗೆ ಮಾಡಿ ಮತ್ತೆ ಒಳಗೆ ಹರಿಸಿದರು, ಹೃದಯ ಬಡಿಯಿತು. ತಿಂಗಳುಗಳ ಶುಶ್ರೂಷೆಯ ನಂತರ ಆಕೆ ವೈದ್ಯವೃತ್ತಿಗೆ ಹಿಂದಿರುಗಿದರು. ಬೆಚ್ಚಗಾಗಿಯೂ ಜೀವ ಬಾರದವನನ್ನು ಮಾತ್ರ ಸತ್ತವನೆನ್ನಿ ಎಂಬ ಸೂತ್ರವನ್ನು ಪರ್ವತವೈದ್ಯರು ಬಾಯಿಪಾಠ ಮಾಡುವುದು ಇಂತಹ ಸಂದರ್ಭಗಳಿಗಾಗಿಯೇ. ಅದಕ್ಕಾಗಿಯೇ ತಣಿದವನ ನಾಡಿಯನ್ನು ಪೂರ್ತಿ ಒಂದು ನಿಮಿಷ ನೋಡಬೇಕೆಂದು ನಿಯಮವಿದೆ. ಮರಗಟ್ಟಿದ ಬೆರಳಿಗೆ ಆ ಒಂದು ನಿಮಿಷ ಬಹಳ ದೀರ್ಘ.

ಹಾಗಾದರೆ ಎಲ್ಲರನ್ನೂ ಬದುಕಿರಬಹುದೆಂದು ಹೊತ್ತು ತರಬೇಕೆ? ಇಲ್ಲಿಯೇ ವೈದ್ಯನ ಕಠಿಣ ಪರೀಕ್ಷೆ. ಮೊದಲು ಬಂದುದು ಚಳಿಯೋ, ಉಸಿರುಗಟ್ಟುವಿಕೆಯೋ ಎಂಬುದೇ ಪ್ರಶ್ನೆ. ತಣಿದ ಮೇಲೆ ಉಸಿರು ನಿಂತವನಿಗೆ ಆಶೆಯುಂಟು. ಉಸಿರು ನಿಂತ ಮೇಲೆ ತಣಿದವನು ಬರಿಯ ಶವ. ಹಿಮದ ಕುಸಿತದಲ್ಲಿ ಸಿಲುಕಿದವರಲ್ಲಿ ಬಹುಮಂದಿ ಸಾಯುವುದು ಚಳಿಯಿಂದಲ್ಲ, ಉಸಿರುಗಟ್ಟಿ. 1994ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಲೆಕ್ಕದಂತೆ, ಪೂರ್ತಿ ಮುಚ್ಚಿಹೋದವರಲ್ಲಿ 15 ನಿಮಿಷದೊಳಗೆ ತೆಗೆದರೆ ನೂರಕ್ಕೆ 92 ಮಂದಿ ಬದುಕಿದ್ದರು. 35 ನಿಮಿಷಕ್ಕೆ ಅದು ನೂರಕ್ಕೆ 30ಕ್ಕೆ ಇಳಿದಿತ್ತು. ಆದ್ದರಿಂದ ಅಗೆಯುವವರು ಮುಖವನ್ನು ತಲಪಿದೊಡನೆ ನೋಡತಕ್ಕ ಮೊದಲ ಸಂಗತಿ, ಬಾಯಿಮೂಗುಗಳು ಹಿಮದಿಂದ ಬಿಗಿದು ಮುಚ್ಚಿವೆಯೇ, ಇಲ್ಲವೇ ಎಂಬುದು. ಹೃದಯ ನಿಂತು, ಉಸಿರಿನ ದಾರಿಯೂ ಮುಚ್ಚಿ, ಒಂದು ಗಂಟೆಗೂ ಮೀರಿ ಹೂತಿದ್ದವನನ್ನು ಉಳಿಸುವ ಯತ್ನವನ್ನು ಕೈಬಿಡಬೇಕೆಂದು ಇಂದಿನ ನಿಯಮ. ಹಿಂದೆ ಈ ಅವಧಿ 35 ನಿಮಿಷವಾಗಿತ್ತು. ದಾರಿ ತೆರೆದಿದ್ದರೆ ಮಾತ್ರ ಎದೆಯೊತ್ತುತ್ತಾ ದೂರದ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ರಕ್ತದಲ್ಲಿನ ಪೊಟಾಸಿಯಂ ಅಂಶವನ್ನು ಅಳೆದು ಮುಂದಿನದನ್ನು ನಿರ್ಣಯಿಸುತ್ತಾರೆ. ಜೀವಕೋಶಗಳು ಸತ್ತು ಒಡೆದಿದ್ದರೆ ಅದು ಮಿತಿಮೀರಿ ಏರಿರುತ್ತದೆ.

ಎದೆಯೊತ್ತುತ್ತಾ ಒಯ್ಯಬೇಕೆಂದು ಹೇಳುವುದು ಸುಲಭ. ಕಡಿದಾದ ಇಳಿಜಾರಿನಲ್ಲಿ ಡೋಲಿಯನ್ನು ಹಗ್ಗದಿಂದ ಇಳಿಸುವಾಗ ಯಾರು, ಹೇಗೆ ಒತ್ತಬೇಕು? ಆಳವಾಗಿ ತಣಿದವನಿಗಾದರೆ, ಕನಿಷ್ಠ ಐದು ನಿಮಿಷ ಒತ್ತಿ, ಐದು ನಿಮಿಷ ಮೀರದಂತೆ ನಿಲ್ಲಿಸಿ ಹೊತ್ತು ನಡೆದು, ಮತ್ತೆ ಒತ್ತಬಹುದೆಂದು ಈಚಿನ ವರ್ಷಗಳಲ್ಲಿ ಒಪ್ಪಿದ್ದಾರೆ. ಬೆಚ್ಚಗಿನ ರೋಗಿಗೆ ಇದು ಮೃತ್ಯುವೇ ಸರಿ. ಚಳಿಯೇ ಇಲ್ಲಿ ವೈದ್ಯನಿಗೆ ಸಾಲ ಕೊಟ್ಟ ಸಾಹುಕಾರ. ಆದರೂ ಮೇಲಿನ ಇಳಿಜಾರು ಇನ್ನೂ ಕುಸಿಯುವಂತಿದ್ದರೆ, ಬಿರುಗಾಳಿಯೆದ್ದರೆ, ಆ ಐದು ನಿಮಿಷವನ್ನೂ ಕೊಡಲಾಗದು. ರಕ್ಷಿಸಲು ಹೋದವರನ್ನು ರಕ್ಷಿಸುವುದು ಮೊದಲಿನ ಧರ್ಮವೆಂದು, 1948ರಲ್ಲಿ ಒಟ್ಟುಗೂಡಿದ ಆಲ್ಪ್ಸ್ ರಕ್ಷಣಾ ಸಂಘಗಳಿಂದ ಮೊದಲ್ಗೊಂಡು ಎಲ್ಲರೂ ಸಾರುತ್ತಾರೆ. ಕೇಳಲು ನಿಷ್ಠುರವಾದ ಮಾತು. ಆಸ್ಪತ್ರೆಯ ವೈದ್ಯನಿಗೆ, ಚಿಕಿತ್ಸೆ ಮಾಡುತ್ತಲೇ ತಾನೂ ತನ್ನ ಜೊತೆಯವರೂ ಸಾಯಬಹುದೆಂಬ ಲೆಕ್ಕವನ್ನು ಹಾಕುವ ಪ್ರಸಂಗವೇ ಅಪರೂಪ. ಪರ್ವತದ ವೈದ್ಯನಿಗೆ ಅದು ಪ್ರತಿಸಲದ ಲೆಕ್ಕ.

ಎತ್ತರದಿಂದಲೇ ಬರುವ ರೋಗಗಳನ್ನು ಕುರಿತು ಇಲ್ಲಿ ಹೆಚ್ಚು ಹೇಳಲು ಅವಕಾಶವಿಲ್ಲ. ನಮ್ಮ ಸೇನೆಯ ವೈದ್ಯರಾದ ಇಂದರ್ ಸಿಂಗ್ ಮತ್ತು ಸಂಗಡಿಗರು ಹಿಮಾಲಯದ 1,925 ಸೈನಿಕರನ್ನು ಪರೀಕ್ಷಿಸಿ 1969ರಲ್ಲಿ ಪ್ರಕಟಿಸಿದ ಲೇಖನವು ಆ ವಿಷಯದ ಆಧಾರಗಳಲ್ಲಿ ಒಂದು. ಶ್ವಾಸಕೋಶದಲ್ಲಿ ನೀರು ತುಂಬುವ ಆ ರೋಗಕ್ಕೆ ಆಮ್ಲಜನಕವಿದೆ, ಗುಳಿಗೆಗಳಿವೆ, ರೋಗಿಯನ್ನು ಒಳಗೆ ಮಲಗಿಸಿ ಗಾಳಿಯನ್ನು ಒತ್ತಿ ತುಂಬುವ ಚೀಲವಿದೆ. ಇವೆಲ್ಲಕ್ಕಿಂತ ದೊಡ್ಡ ಔಷಧ, ಕೆಳಗಿಳಿಸುವುದು.

ಹನುಮಂತಪ್ಪನವರನ್ನೂ ಮರುದಿನ ಕೆಳಗಿಳಿಸಿದರು. ಹೆಲಿಕಾಪ್ಟರಿನಲ್ಲಿ ಥೋಯಿಸ್ ವಿಮಾನತಾಣಕ್ಕೆ, ಅಲ್ಲಿಂದ ವಿಮಾನದಲ್ಲಿ ದೆಹಲಿಯ ಸೇನಾ ಆಸ್ಪತ್ರೆಗೆ. ದಾರಿಯುದ್ದಕ್ಕೂ ವೈದ್ಯರು ಜೊತೆಯಲ್ಲಿದ್ದರು. ಮೂಳೆ ಮುರಿದಿರಲಿಲ್ಲ, ಕೈಕಾಲುಗಳು ಮರಗಟ್ಟಿಯೂ ಇರಲಿಲ್ಲ. ಆದರೆ ಎಚ್ಚರ ತಪ್ಪಿತ್ತು, ರಕ್ತದ ಒತ್ತಡ ಬಿದ್ದಿತ್ತು, ಮೂತ್ರಪಿಂಡ ಯಕೃತ್ತುಗಳು ಸೋತಿದ್ದವು. ಒಡಲು ಬೆಚ್ಚಗಾಗಿ, ತಣಿದ ಭಾಗಗಳಿಗೆ ರಕ್ತ ಮತ್ತೆ ಹರಿಯುವಾಗಲೇ ಹೆಚ್ಚಿನ ಅಪಾಯ, ಮುಂದಿನ ಒಂದೆರಡು ದಿನ ಬಹು ಕಷ್ಟದವು ಎಂದು ವೈದ್ಯರು ಆ ದಿನವೇ ತಿಳಿಸಿದ್ದರು. ಊರಿನಲ್ಲಿ, ನಾಡಿನಲ್ಲಿ, ಮಂದಿರ ಮಸೀದಿಗಳಲ್ಲಿ ಪ್ರಾರ್ಥನೆಗಳಾದವು. ಫೆಬ್ರವರಿ 11ರಂದು ಅವರು ತೀರಿಕೊಂಡರು.

ಅವರೊಡನೆ ಹೂತುಹೋಗಿದ್ದ ಒಂಬತ್ತು ಮಂದಿಯಲ್ಲಿ ಇಬ್ಬರು ನಮ್ಮ ಹಾಸನ, ಮೈಸೂರು ಜಿಲ್ಲೆಗಳವರು. ಅವರ ದೇಹಗಳು ಇನ್ನೂ ಮೇಲೆಯೇ ಇದ್ದವು. ಅವನ್ನು ಆ ಎತ್ತರದಿಂದ ಇಳಿಸಿ ತರಲು ಮತ್ತೂ ಕೆಲವು ದಿನಗಳು ಹಿಡಿದವು.